ಇಬ್ಬರು ನರ್ಸುಗಳ ಸ್ಪ್ಯಾನಿಷ್

ವೆಲೆನ್ಸಿಯಾ, ಕಾಫಿ ಅಂಗಡಿ

ಸೆಪ್ಟೆಂಬರ್ ತಿಂಗಳ ಕೊನೆಯ ಸೋಮವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಸ್ಪೇನ್ ದೇಶದ ವೆಲೆನ್ಸಿಯಾ ನಗರ. ಹಾಜರಿದ್ದವರು: ಬಳ್ಳಾರಿ ಸತ್ಯನಾರಾಯಣಪೇಟೆಯ ನಿವೃತ್ತ ನರ್ಸ್ ಸುಶೀಲಾ, ಅಂದರೆ ನಾನು, ಸಿರುಗುಪ್ಪದ ಮುಮ್ತಾಜ್, ಅವಳೂ ನಿವೃತ್ತ ನರ್ಸ್, ಕಾಫಿ ಯಂತ್ರದ ಹಿಂದೆ ಬಿಳಿ ಅಂಗಿಯ ಒಬ್ಬ ಗಂಡಸು, ಮೂಲೆಯಲ್ಲಿ ಒಬ್ಬ ಮುದುಕಿ. ಹೊರಗೆ ಇನ್ನೂ ಕತ್ತಲು. ಏಳಾದರೂ ಸೂರ್ಯ ಹುಟ್ಟದ ಊರನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಬಳ್ಳಾರಿಯಲ್ಲಿ ಆ ಹೊತ್ತಿಗೆ ಗುಡ್ಡದ ಬಂಡೆ ಬೆಚ್ಚಗಾಗಲು ಶುರುವಾಗಿರುತ್ತದೆ.

"ನಮಸ್ಕಾರ, ಹೇಗಿದ್ದೀರಿ?" ಎಂದು ಅಂಗಡಿಯವನು ಸ್ಪ್ಯಾನಿಷ್‌ನಲ್ಲಿ ಕೇಳಿದ. ನಾವು "ಊಟ ಆಯ್ತಾ?" ಎಂದು ಕೇಳುವ ಹಾಗೆ ಅದು ಸುಮ್ಮನೆ ಕೇಳುವ ಮಾತು. ಮುಮ್ತಾಜ್ ಅದನ್ನು ನಿಜವಾದ ಪ್ರಶ್ನೆ ಎಂದೇ ತೆಗೆದುಕೊಂಡಳು. ಬಲಗಾಲಿನ ಮಂಡಿ ನೋಯುತ್ತಿದೆ, ವಿಮಾನದಲ್ಲಿ ಕೂತಿದ್ದರಿಂದ ಹೆಚ್ಚಾಗಿದೆ, ಮೆಟ್ಟಿಲು ಹತ್ತುವಾಗ ಜಾಸ್ತಿ, ಬಾವು ಇಲ್ಲ, ಜ್ವರ ಇಲ್ಲ, ರಾತ್ರಿ ನಿದ್ದೆ ಪರವಾಗಿಲ್ಲ. ಎಲ್ಲವನ್ನೂ ಸ್ಪ್ಯಾನಿಷ್‌ನಲ್ಲಿ, ಒಂದೇ ಉಸಿರಿನಲ್ಲಿ ಹೇಳಿದಳು. ಅಂಗಡಿಯವನು ಯಂತ್ರ ನಿಲ್ಲಿಸಿ ಪೂರ್ತಿ ಕೇಳಿದ. ಮೂಲೆಯಲ್ಲಿದ್ದ ಮುದುಕಿ ಎದ್ದು ಬಂದು, ತನ್ನ ಚೀಲದಿಂದ ಒಂದು ಮುಲಾಮಿನ ಟ್ಯೂಬ್ ತೆಗೆದು ಮುಮ್ತಾಜಳ ಮುಂದಿಟ್ಟು, ದಿನಕ್ಕೆ ಎರಡು ಸಲ ಹಚ್ಚಿಕೋ ಎಂದಳು.

"ನೋಡಕ್ಕಾ, ಒಂದಾದ್ರೂ ಮಾತು ತಪ್ಪಿತೇನು?" ಎಂದು ಮುಮ್ತಾಜ್ ನನ್ನ ಕಡೆ ತಿರುಗಿದಳು.

"ಅದಿರ್ಲವ್ವ, ಮೊದ್ಲು ಕಾಫಿ ಕೇಳು."

ಅಲ್ಲಿ ಸಿಕ್ಕಿಬಿದ್ದೆವು. ಆ ಊರಿನ ಕಾಫಿಯಲ್ಲಿ ಎಷ್ಟೋ ಬಗೆ, ಒಂದೊಂದಕ್ಕೂ ಒಂದು ಹೆಸರು. ನಮಗೆ ಒಂದೂ ಬಾರದು. ಕೈ ತೋರಿಸಿದ್ದಕ್ಕೆ ಹೆಬ್ಬೆರಳಿನಷ್ಟು ಬಟ್ಟಲಿನಲ್ಲಿ ಅರ್ಧಕ್ಕೆ ಕಪ್ಪು ಕಷಾಯ ಬಂತು. ಮುಮ್ತಾಜ್ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದೇನಕ್ಕಾ, ಲ್ಯಾಬಿಗೆ ಕಳ್ಸೋ ಸ್ಯಾಂಪಲ್ಲಾ?" ಎಂದಳು.

ಯಾವ ನೋವನ್ನಾದರೂ ಸ್ಪ್ಯಾನಿಷ್‌ನಲ್ಲಿ ವಿವರಿಸಬಲ್ಲ, ಆದರೆ ಒಂದು ಲೋಟ ಹಾಲು ಕಾಫಿ ತರಿಸಿಕೊಳ್ಳಲಾರದ ಇಬ್ಬರು ಹೆಂಗಸರು ಅಷ್ಟು ದೂರ ಹೋಗಿದ್ದು ಯಾಕೆಂದು ಈಗ ಹೇಳಬೇಕು.

ಅದಕ್ಕೂ ಮೊದಲು: ಕುರುಗೋಡು, ಬಳ್ಳಾರಿ, ಸಿರುಗುಪ್ಪ

ನಮಗಿಬ್ಬರಿಗೂ ನರ್ಸ್ ಕೆಲಸ ಕಲಿಸಿದವರು ಸ್ಪೇನ್‌ನಿಂದ ಬಂದಿದ್ದ ಕ್ರೈಸ್ತ ಸನ್ಯಾಸಿನಿ, ಸಿಸ್ಟರ್ ಕಾರ್ಮೆನ್. ಕುರುಗೋಡಿನಲ್ಲಿ ಆಗ ಆರು ಹಾಸಿಗೆಯ ಒಂದು ಸಣ್ಣ ಆಸ್ಪತ್ರೆ ಇತ್ತು. ಅದನ್ನು ನಡೆಸುತ್ತಿದ್ದವರು ಅವರು. ಜನ ಅವರನ್ನು ಕಾರ್ಮೆನಮ್ಮ ಎನ್ನುತ್ತಿದ್ದರು. ಬಂದಾಗ ಅವರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಕೈಗೆ ಸಿಕ್ಕಿದ ಬಟ್ಟಲು, ಚಮಚ, ಬ್ಯಾಂಡೇಜು ಏನಾದರೂ ಸರಿ, ಅದನ್ನು ಎತ್ತಿ ಹಿಡಿದು ರೋಗಿಗಳನ್ನು ಅದರ ಹೆಸರು ಕೇಳುವರು. ತಪ್ಪು ಹೇಳಿದರೆ ಇಡೀ ವಾರ್ಡು ನಗುತ್ತಿತ್ತು, ಅವರೂ ನಗುತ್ತಿದ್ದರು, ಮತ್ತೆ ಹೇಳುತ್ತಿದ್ದರು. ಮುಂದಿನ ಮಳೆಗಾಲಕ್ಕೆಲ್ಲ ಮೆಣಸಿನಕಾಯಿ ಕಣದ ಹೆಂಗಸರ ಜತೆ ಕುರುಗೋಡಿನ ಮಾತಿನಲ್ಲೇ ಜಗಳ ಆಡುವಷ್ಟಾದರು.

ನಾನು ಸಿರುಗುಪ್ಪದ ಹತ್ತಿರದ ರಾರಾವಿಯವಳು. ನಮ್ಮ ಕೇರಿಯವರ ಕೈಯಿಂದ ನೀರು ಮುಟ್ಟದ ಮನೆಗಳು ಆಗ ಬಹಳ ಇದ್ದವು. ಕಾರ್ಮೆನಮ್ಮ ಮೊದಲ ದಿನವೇ ನನ್ನ ಕೈಗೆ ಮಾತ್ರೆ, ನೀರಿನ ಲೋಟಗಳಿದ್ದ ತಟ್ಟೆ ಕೊಟ್ಟು ಎಲ್ಲ ಹಾಸಿಗೆಗೂ ಕಳಿಸಿದರು. ಒಬ್ಬರು ಮುಖ ತಿರುಗಿಸಿದಾಗ, "ಇವತ್ತು ಈ ಆಸ್ಪತ್ರ್ಯಾಗ ನೀರು ಇದೇ ಕೈಯಿಂದ ಬರ್ತೈತಿ. ಕುಡೀರಿ, ಇಲ್ಲಾಂದ್ರ ಮನಿಗೆ ಹೋಗ್ರಿ" ಎಂದರು. ಕುಡಿದರು. ನನ್ನ ಮುಂದಿನ ಬದುಕೆಲ್ಲ ಆ ತಟ್ಟೆಯಿಂದ ಶುರುವಾಯಿತು. ಅದಕ್ಕೆ ನಾನು ಅವರಿಗೆ ಎಂದೂ ನೇರವಾಗಿ ಕೃತಜ್ಞತೆ ಹೇಳಲಿಲ್ಲ. ಹೇಳುವಷ್ಟರಲ್ಲಿ ಅವರು ಹೊರಟುಹೋದರು.

ಅದು ಒಂದು ಸಂಜೆ. ಅವರ ತಾಯಿ ಕಡೆಯ ಸ್ಥಿತಿಯಲ್ಲಿದ್ದಾರೆಂದು ಸುದ್ದಿ ಬಂತು. ಗುಂತಕಲ್ ರೈಲು ಹಿಡಿಸಲು ಜೀಪು ಬಾಗಿಲಲ್ಲಿ ನಿಂತಿತ್ತು. ರಾತ್ರಿ ಡ್ಯೂಟಿ ನನ್ನದು, ಮುಮ್ತಾಜ್ ರಜೆಯಲ್ಲಿದ್ದಳು. ಸಿರುಗುಪ್ಪದಿಂದ ಬರುವ ನನ್ನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ನಾನು ಬರುವ ಹೊತ್ತಿಗೆ ಜೀಪು ಹೋಗಿತ್ತು. ಆಮೇಲೆ ಅವರಿಗೆ ನಮ್ಮ ದೇಶಕ್ಕೆ ಮರಳಲು ಪರವಾನಗಿ ಸಿಗಲಿಲ್ಲ.

ಮೊಬೈಲು ಬಂದ ಮೇಲೆ ಕ್ರಿಸ್ಮಸ್‌ಗೊಮ್ಮೆ ಮುಖ ನೋಡಿಕೊಂಡು ಮಾತಾಡುತ್ತಿದ್ದೆವು. ಒಂದು ವರ್ಷ ಅವರು ನಮ್ಮ ಕನ್ನಡಕ್ಕೆ ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಟ್ಟರು. ಇಂಗ್ಲಿಷಿಗೂ ಸ್ಪ್ಯಾನಿಷೇ. ಅವರನ್ನು ನೋಡಿಕೊಳ್ಳುವ ಲೂಸಿಯಾ ಎಂಬ ಹುಡುಗಿ ಫೋನು ತೆಗೆದುಕೊಂಡು, ಮಿದುಳಿಗೆ ಪೆಟ್ಟಾಗಿದೆ, ಕಲಿತ ಭಾಷೆಗಳೆಲ್ಲ ಹೋಗಿವೆ, ತಾಯಿಮಾತು ಮಾತ್ರ ಉಳಿದಿದೆ ಎಂದು ಮುರುಕು ಇಂಗ್ಲಿಷಿನಲ್ಲಿ ತಿಳಿಸಿದಳು.

ಫೋನಿಟ್ಟ ಮೇಲೆ ಮುಮ್ತಾಜ್ ಅಂದಳು: "ಹಂಗಾದ್ರ ನಾವ ಕಲಿಯೋಣ ಬಿಡಕ್ಕಾ. ಆಕಿ ಬಂದು ನಮ್ಮ ಮಾತು ಕಲೀಲಿಲ್ಲೇನು?"

ನಾನು ವೇಳಾಪಟ್ಟಿ ಹಾಕಿದೆ. ಬೆಳಿಗ್ಗೆ ವ್ಯಾಕರಣ, ಸಂಜೆ ಬಾಯಿಪಾಠ, ಭಾನುವಾರ ಪರೀಕ್ಷೆ. ಒಂದು ವಾರಕ್ಕೇ ನನಗೆ ಪುಸ್ತಕ ಕಂಡರೆ ಆಕಳಿಕೆ ಬರುತ್ತಿತ್ತು. ಮುಮ್ತಾಜ್ ಪುಸ್ತಕ ತೆರೆಯಲೇ ಇಲ್ಲ. "ಇದೇನು ಟ್ರೇನಿಂಗ್ ಸಾಲಿ ಅಲ್ಲಕ್ಕಾ. ಈ ವಯಸ್ಸಿನ್ಯಾಗ ಖುಷಿ ಇಲ್ಲಂದ್ರ ತಲಿಗೆ ಹತ್ತಂಗಿಲ್ಲ" ಎಂದು ಫೋನಿನಲ್ಲಿ ಒಂದು ಸ್ಪ್ಯಾನಿಷ್ ಧಾರಾವಾಹಿ ಹಚ್ಚಿಕೊಂಡಳು. ಮಾತು ತಿಳಿಯದಿದ್ದರೂ ಮುಖ ನೋಡಿ ಕಥೆ ಕಟ್ಟಿ ನನಗೆ ಫೋನು ಮಾಡಿ ಹೇಳುವಳು. ಆ ಹುಡುಗಿ ಅವನ ತಂಗಿ, ಆಸ್ತಿ ಸಲುವಾಗಿ ಅಳುತ್ತಾಳೆ, ಹೀಗೆ. ಅವಳ ಮಾತು ಸುಳ್ಳೆಂದು ತೋರಿಸಲು ನಾನೂ ಅದೇ ಕಂತು ನೋಡಬೇಕಾಯಿತು. ತಂಗಿಯಲ್ಲ, ಹೆಂಡತಿ, ಅಳುವುದು ಆಸ್ತಿಗಲ್ಲ, ಹಲ್ಲುನೋವಿಗೆ. ಇದನ್ನು ಸಾಧಿಸಲು ಒಂದೇ ದೃಶ್ಯವನ್ನು ಮತ್ತೆ ಮತ್ತೆ ಕೇಳಿದೆ. ಪುಸ್ತಕದಿಂದ ಬಾರದ ಮಾತು ಜಗಳದಿಂದ ಬಂತು.

ಆಮೇಲೆ ನನಗೂ ರುಚಿ ಹತ್ತಿತು. ಜೋಳದ ರೊಟ್ಟಿ ತಟ್ಟುವಾಗ ತಟ್ಟಿಗೊಂದು ಸಂಖ್ಯೆ ಹೇಳತೊಡಗಿದೆ. ಲೆಕ್ಕ ತಪ್ಪಿದರೆ ರೊಟ್ಟಿಯೂ ಹರಿಯುತ್ತಿತ್ತು. ಬೆಳಗಿನ ವಾಕಿಂಗ್‌ನಲ್ಲಿ ಕಂಡದ್ದನ್ನೆಲ್ಲ ಸ್ಪ್ಯಾನಿಷ್‌ನಲ್ಲಿ ನನಗೆ ನಾನೇ ಹೇಳಿಕೊಂಡೆ: ನಾಯಿ ಮಲಗಿದೆ, ಜೀನ್ಸ್ ಹೊಲಿಯುವವರು ಅಂಗಡಿ ತೆರೆಯುತ್ತಿದ್ದಾರೆ, ನಲ್ಲಿಯಲ್ಲಿ ನೀರಿಲ್ಲ. ಅಡುಗೆಮನೆಯಲ್ಲಿ ಸ್ಪ್ಯಾನಿಷ್ ರೇಡಿಯೋ ಸುಮ್ಮನೆ ಹಾಕಿಟ್ಟೆ. ತಿಳಿಯಲೇಬೇಕೆಂಬ ಹಟ ಬಿಟ್ಟಾಗ ಕಿವಿ ತಾನಾಗಿ ತೆರೆಯಿತು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ನಮ್ಮದೇ ಒಂದು ಆಟ. ಮಧ್ಯಾಹ್ನ ಊಟದ ನಂತರ ಫೋನಿನಲ್ಲಿ ಒಬ್ಬಳು ರೋಗಿ, ಇನ್ನೊಬ್ಬಳು ನರ್ಸ್. ರೋಗಿ ತನ್ನ ಬೇನೆ ಹೇಳಬೇಕು, ನರ್ಸ್ ಕೇಳಿ ಕೇಳಿ ಅದೇನೆಂದು ಹಿಡಿಯಬೇಕು. ಮುಮ್ತಾಜ್ ಹೇಳದ ರೋಗವಿಲ್ಲ. ಒಮ್ಮೆ ಅವಳಿಗೆ ಪ್ರಾಸ್ಟೇಟ್ ಗ್ರಂಥಿಯ ತೊಂದರೆಯೂ ಬಂದಿತ್ತು. "ಏ, ನೀ ಹೆಂಗಸಲೇ" ಎಂದೆ. "ಇವತ್ತು ಗಂಡಸು ಅದೀನಿ, ಸುಮ್ಮನ ಬರಕೋರಿ" ಎಂದಳು.

ಕೆಲವು ಭಾನುವಾರ ಕುರುಗೋಡಿನ ದೊಡ್ಡ ಬಸವಣ್ಣನ ಗುಡಿಯ ಕಟ್ಟೆಯಲ್ಲಿ ಸೇರುತ್ತಿದ್ದೆವು. ಪೊಟ್ಟಣದಲ್ಲಿದ್ದ ಮಂಡಕ್ಕಿ, ಮಿರ್ಚಿ ಮುಗಿಯುವವರೆಗೆ ಕನ್ನಡ ಬಂದ್. ಒಂದು ಸಲ ಪಕ್ಕದಲ್ಲಿ ಕೂತಿದ್ದ ಅಜ್ಜ ಮತ್ತೊಬ್ಬನನ್ನು ಕೇಳಿದ: "ಯಾವ ಭಾಷಿ ಇವರ್ದು?"

"ಮಲಯಾಳಂ ಇರ್ಬೇಕು ಬಿಡು. ನರ್ಸಮ್ಮಗಳಲ್ಲ?"

ಗದ್ದೆಯ ನಡುವಿನ ರೈಲು

ಸಿಸ್ಟರ್ ಇರುವ ಮನೆ ವೆಲೆನ್ಸಿಯಾದಿಂದ ದಕ್ಷಿಣಕ್ಕೆ, ಒಂದು ಸಣ್ಣ ಊರಿನಲ್ಲಿ. ಅಲ್ಲಿರುವವರೆಲ್ಲ ವಯಸ್ಸಾದ ಸಿಸ್ಟರ್‌ಗಳು. ಅವರಿಗೆ ಗದ್ದಲ ಬೇಡವಾದ್ದರಿಂದ ಊರಿನ ಹೆಸರು ಬರೆಯುವುದಿಲ್ಲ.

ರೈಲಿನಲ್ಲಿ ನನಗೆ ಗಾಬರಿಯಾಯಿತು. ಎದುರಿನ ಗಂಡಹೆಂಡತಿ ಆಡುವ ಮಾತು ನನಗೆ ಅರ್ಧವೂ ತಿಳಿಯುತ್ತಿಲ್ಲ. ನಿಲ್ದಾಣದ ಫಲಕದಲ್ಲೂ ಗೊತ್ತಿಲ್ಲದ ಪದಗಳು. "ಮುಮ್ತಾಜ್, ನಾವು ಬೇರೆ ಭಾಷೆನೇ ಕಲಿತು ಬಂದೀವೇನು?" ಎಂದೆ.

ಅವಳು ಅವರನ್ನೇ ಕೇಳಿಬಿಟ್ಟಳು. ಅದು ಆ ಸೀಮೆಯ ಸ್ವಂತ ಭಾಷೆಯಂತೆ, ವೆಲೆನ್ಸಿಯನ್. ಮನೆಯಲ್ಲಿ ಅದು, ಕಚೇರಿಯಲ್ಲಿ ಎರಡೂ. "ಇಷ್ಟೇ ಏನು? ಬಳ್ಳಾರಿ ಬಜಾರದಾಗ ಕನ್ನಡ ತೆಲುಗು ಇದ್ದಂಗ" ಎಂದು ಮುಮ್ತಾಜ್ ಕಾಲು ಚಾಚಿದಳು. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ದರ್ಗಾದಲ್ಲಿ ಇನ್ನೊಂದು ಮಾತಾಡಿ ಬೆಳೆದವಳಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಆ ದಂಪತಿ ತಕ್ಷಣ ನಮಗಾಗಿ ಸ್ಪ್ಯಾನಿಷ್‌ಗೆ ಹೊರಳಿದರು, ನಿಧಾನಕ್ಕೆ ಮಾತಾಡಿದರು, ಇಳಿಯುವವರೆಗೂ ತಮ್ಮೊಳಗೂ ಅದನ್ನೇ ಆಡಿದರು. ಯಾರೂ ಹೇಳಿಕೊಡದೆ ತೋರಿದ ಆ ಮರ್ಯಾದೆ ನನಗೆ ಮರೆಯುವುದಿಲ್ಲ.

ಕಿಟಕಿಯ ಹೊರಗೆ ಭತ್ತ. ಕಣ್ಣು ಹಾಯುವವರೆಗೂ ಭತ್ತ. ಕೊಯ್ಲಿನ ಯಂತ್ರಗಳು ಓಡಾಡುತ್ತಿದ್ದವು, ಹಿಂದೆ ಬೆಳ್ಳಕ್ಕಿಗಳ ಹಿಂಡು. ಸಿರುಗುಪ್ಪದ ಕಾಲುವೆ ಬಯಲನ್ನು ಯಾರೋ ಎತ್ತಿ ತಂದು ಇಲ್ಲಿ ಹಾಸಿದ್ದಾರೆ ಅನ್ನಿಸಿತು. ಸಿಸ್ಟರ್ ಹುಟ್ಟಿದ್ದು ಈ ಗದ್ದೆಗಳ ನಡುವೆ, ಅವರ ಮನೆಮಾತು ಮಾತ್ರ ಸ್ಪ್ಯಾನಿಷ್ ಆಗಿತ್ತು. ಅವರು ನಮ್ಮಲ್ಲಿಗೆ ಬಂದಾಗ ಪರದೇಶದಂತೆ ಕಂಡಿರಲಿಕ್ಕಿಲ್ಲ ಎಂದುಕೊಂಡು ಸಮಾಧಾನವಾಯಿತು.

ಮಧ್ಯಾಹ್ನದ ಊಟ

ಆ ಊರಿನಲ್ಲಿ ಎರಡು ಗಂಟೆಗೆ ಮೊದಲು ಊಟ ಕೇಳಿದರೆ ಕಾಯಿಲೆಯವರನ್ನು ನೋಡಿದ ಹಾಗೆ ನೋಡುತ್ತಾರೆ. ಹನ್ನೆರಡೂವರೆಗೆ ಉಣ್ಣುವ ನಾನು ಹೊಟ್ಟೆ ಹಿಡಿದುಕೊಂಡು ಕಾದೆ. ಅಗಲವಾದ ಬಾಣಲೆಯಲ್ಲಿ ತರಕಾರಿ ಹಾಕಿದ ಹಳದಿ ಅನ್ನ ಬಂತು. ಮುಮ್ತಾಜ್ ಒಂದಗುಳು ಹಿಚುಕಿ ನೋಡಿ, "ಇನ್ನ ಒಂದು ಕುದಿ ಬೇಕಿತ್ತು" ಎಂದು ತೀರ್ಪು ಕೊಟ್ಟಳು. ತಳ ಹತ್ತಿದ ಅನ್ನವನ್ನು ನಾವು ನೀರು ಹಾಕಿ ನೆನೆಯಲು ಬಿಡುತ್ತೇವೆ. ಅಲ್ಲಿ ಪಕ್ಕದ ಮೇಜಿನ ಅಣ್ಣತಮ್ಮಂದಿರು ಅದಕ್ಕಾಗಿ ಚಮಚದಲ್ಲಿ ಕಾದಾಡುತ್ತಿದ್ದರು. ಹೋಟೆಲಿನ ಹೆಂಗಸು ನಮ್ಮ ಬಾಣಲೆಯ ತಳವನ್ನೂ ಕೆರೆದು, ಅತಿಥಿಗಳಿಗೆಂದು ತಾನೇ ಬಡಿಸಿದಳು. ತಿಂದೆವು. ಚೆನ್ನಾಗಿತ್ತು. ಇನ್ನು ಮೇಲೆ ನಾನೂ ನೆನೆಯಲು ಬಿಡುವುದಿಲ್ಲ.

ಕಾರ್ಮೆನಮ್ಮನ ಕೋಣೆ

ಲೂಸಿಯಾ ಬಾಗಿಲಲ್ಲೇ ತಬ್ಬಿಕೊಂಡಳು. ಅವಳು ಕೊಲಂಬಿಯಾದವಳು, ಕೆಲಸಕ್ಕೆಂದು ಆ ದೇಶಕ್ಕೆ ಬಂದವಳು. ಒಳಗೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಸಿಸ್ಟರ್ ಕೂತಿದ್ದರು. ಬಹಳ ಸಣ್ಣಗಾಗಿದ್ದರು. ಬೆನ್ನು ಮಾತ್ರ ಹಿಂದಿನ ಹಾಗೇ ನೆಟ್ಟಗೆ.

ನಾನು ಎದುರು ನಿಂತು, ತಿಂಗಳುಗಟ್ಟಲೆ ತಿದ್ದಿ ಬಾಯಿಪಾಠ ಮಾಡಿದ ಮಾತನ್ನು ಹೇಳಿದೆ. ನೀವು ನನ್ನ ಕೈಗೆ ಕೆಲಸ ಕೊಟ್ಟಿರಿ, ಆ ಕೈಗೆ ಬೆಲೆ ಕೊಟ್ಟಿರಿ, ನಿಮಗೆ ಕೃತಜ್ಞತೆ ಹೇಳಲು ಬಂದಿದ್ದೇನೆ. ಒಂದು ಪದವೂ ತಪ್ಪಲಿಲ್ಲ. ಅವರು ಕೊನೆಯವರೆಗೂ ಕೇಳಿದರು. ಆಮೇಲೆ, "ಬಹಳ ಚೆನ್ನಾಗಿ ಹೇಳಿದಿರಿ ಅಮ್ಮ" ಎಂದು ಅಪರಿಚಿತರಿಗೆ ಹೇಳುವ ಹಾಗೆ ಹೇಳಿ, ಕಿಟಕಿಯ ಕಡೆ ತಿರುಗಿದರು.

ನಾನು ಯಾರೆಂದು ಅವರಿಗೆ ತಿಳಿಯಲಿಲ್ಲ. ಭಾಷೆ ತಲುಪಿತು, ನಾನು ತಲುಪಲಿಲ್ಲ.

ಮುಮ್ತಾಜ್ ಭಾಷಣ ಮಾಡಲಿಲ್ಲ. ನೆಲಕ್ಕೆ ಕೂತು, ಸಿಸ್ಟರ್ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತ, ತನ್ನ ಧಾರಾವಾಹಿಯ ಹಲ್ಲುನೋವಿನ ಹೆಂಡತಿಯ ಕಥೆಯನ್ನು ತಪ್ಪು ಸ್ಪ್ಯಾನಿಷ್‌ನಲ್ಲಿ ಹೇಳತೊಡಗಿದಳು. ಸಿಸ್ಟರ್ ನಕ್ಕರು. ಎರಡು ಸಲ ಅವಳ ತಪ್ಪನ್ನು ತಿದ್ದಿದರು. ಅಷ್ಟಕ್ಕೇ ನಾವು ಕೃತಜ್ಞರಾಗಿ ಹೊರಡಬೇಕೆಂದು ನಾನು ಮನಸ್ಸಿಗೆ ಹೇಳಿಕೊಂಡೆ.

ಲೂಸಿಯಾ ನಮ್ಮಿಬ್ಬರನ್ನೂ ಹೊರಗೆ ಕರೆದಳು. "ಸಂಜೆಯವರೆಗೆ ಇರಬೇಡಿ. ಸಂಜೆಯಾದರೆ ಅವರಿಗೆ ತಡೆಯದ ಕಳವಳ. ಎದ್ದು ಬಾಗಿಲಿಗೆ ಹೋಗುತ್ತಾರೆ, ಅಳುತ್ತಾರೆ. ನಾಲ್ಕು, ನಾಲ್ಕು ಎನ್ನುತ್ತಾರೆ. ನಾಲ್ಕನೇ ನಂಬರಿನ ಕೋಣೆ ಬೇಕೇನೋ ಎಂದು ಇಲ್ಲಿಗೆ ತಂದು ಹಾಕಿದೆವು. ಆದರೂ ನಿಲ್ಲಲಿಲ್ಲ. ಮಾತ್ರೆ ಕೊಟ್ಟು ಮಲಗಿಸುತ್ತೇವೆ."

"ಬೇರೇನು ಹೇಳ್ತಾರೆ?"

"ಅವಳು ಬಂದಳೇ ಎಂದು ಕೇಳುತ್ತಾರೆ. ಯಾರು ಎಂದರೆ ಹೇಳುವುದಿಲ್ಲ."

ನಾನು ಮುಮ್ತಾಜಳ ಮುಖ ನೋಡಿದೆ. "ನಾವು ಸಂಜಿ ತನಕ ಇರ್ತೀವಿ" ಎಂದು ಅವಳು ಲೂಸಿಯಾಗೆ ಕನ್ನಡದಲ್ಲೇ ಹೇಳಿ, ಆಮೇಲೆ ಸ್ಪ್ಯಾನಿಷ್‌ನಲ್ಲಿ ಹೇಳಿದಳು.

ಸಂಜೆಯ ಡ್ಯೂಟಿ ಬದಲಾವಣೆ

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಸಿಸ್ಟರ್ ಕೈಗಳು ಕುರ್ಚಿಯ ಹಿಡಿಕೆಯ ಮೇಲೆ ಆಡತೊಡಗಿದವು. ಎದ್ದರು. ಬಾಗಿಲ ಕಡೆ ನೋಡಿದರು. "ಅವಳು ಬಂದಳೇ? ಜೀಪು ಕಾಯುತ್ತಿದೆ. ನಾಲ್ಕನೇ ಹಾಸಿಗೆ. ಯಾರಿಗೆ ಹೇಳಲಿ? ನಾಲ್ಕನೇ ಹಾಸಿಗೆ."

ಸ್ಪ್ಯಾನಿಷ್ ಬರುವ ಆ ಮನೆಯವರೆಲ್ಲ ಆ ಮಾತನ್ನು ಕೇಳಿದ್ದರು. ಆದರೆ ಅವರಾರಿಗೂ ಕುರುಗೋಡಿನ ವಾರ್ಡು ಗೊತ್ತಿರಲಿಲ್ಲ. ಅಲ್ಲಿ ಡ್ಯೂಟಿ ಬಿಡುವವಳು ಬರುವವಳಿಗೆ ಪ್ರತಿ ರೋಗಿಯ ಸ್ಥಿತಿಯನ್ನು ಹಾಸಿಗೆಯ ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಬೇಕು. ಬರುವವಳು ಅದನ್ನು ತಿರುಗಿ ಒಪ್ಪಿಸಬೇಕು. ಹೇಳದೆ ಹೋಗುವಂತಿಲ್ಲ. ಆ ಕಟ್ಟುಪಾಡು ಮಾಡಿದವರೇ ಕಾರ್ಮೆನಮ್ಮ. ಜನ್ಮದಲ್ಲಿ ಒಂದೇ ಸಲ ಅವರು ಹೇಳದೆ ಹೋಗಿದ್ದರು.

"ಅಕ್ಕಾ, ನಿಂದ ಡ್ಯೂಟಿ. ಹೋಗು" ಎಂದು ಮುಮ್ತಾಜ್ ನನ್ನ ಬೆನ್ನಿಗೆ ಕೈಯಿಟ್ಟು ನೂಕಿದಳು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರ ಎದುರು ನೆಟ್ಟಗೆ ನಿಂತೆ. ಸ್ಪ್ಯಾನಿಷ್‌ನಲ್ಲಿ ಹೇಳಿದೆ: "ಬಂದೆ ಸಿಸ್ಟರ್. ಬಸ್ಸು ಕೆಟ್ಟಿತ್ತು. ವರದಿ ಕೊಡಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಡವಾಯಿತು" ಎಂದರು. ಆಮೇಲೆ ಶುರುಮಾಡಿದರು, ಸ್ಪಷ್ಟವಾಗಿ, ಒಂದೊಂದಾಗಿ. ಮೊದಲನೇ ಹಾಸಿಗೆ, ಹುಡುಗ, ಜ್ವರ ಇಳಿದಿದೆ, ಗಂಜಿ ಕೊಡಬಹುದು. ಎರಡನೆಯದು ಖಾಲಿ. ಮೂರನೆಯದು, ಕಾಲಿನ ಹುಣ್ಣಿನ ಅಜ್ಜ, ಪಟ್ಟಿ ಬದಲಾಯಿಸಿದೆ. ನಾನು ಒಂದೊಂದನ್ನೂ ತಿರುಗಿ ಒಪ್ಪಿಸಿದೆ. ನಮ್ಮ ಮಧ್ಯಾಹ್ನದ ಆಟದಲ್ಲಿ ಆಡದ ಪದ ಅದರಲ್ಲಿ ಒಂದೂ ಇರಲಿಲ್ಲ.

"ನಾಲ್ಕನೇ ಹಾಸಿಗೆ" ಎಂದು ನನ್ನ ಮಣಿಕಟ್ಟು ಹಿಡಿದರು. "ಹನುಮಕ್ಕ. ತೆಕ್ಕಲಕೋಟೆ. ಇವತ್ತು ಹೆರಿಗೆ. ರಕ್ತ ನಿಂತಿದೆ, ಆದರೆ ನಾಡಿ ಸರಿಯಿಲ್ಲ. ಅವಳನ್ನು ಒಬ್ಬಳನ್ನೇ ಬಿಡಬೇಡ. ಮತ್ತೆ ಶುರುವಾಗಬಹುದು. ಬಿಡಬೇಡ."

ಹನುಮಕ್ಕನ ನೆನಪು ನನಗೆ ಚೆನ್ನಾಗಿತ್ತು. ಆ ರಾತ್ರಿ ಯಾರೂ ಹೇಳದಿದ್ದರೂ ಅವಳ ತುಟಿಯ ಬಣ್ಣ ನೋಡಿಯೇ ನಾನು ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದೆ. ಹಾಗೆ ನೋಡಲು ಕಲಿಸಿದವರು ಇವರೇ.

"ಬಿಡಲಿಲ್ಲ ಸಿಸ್ಟರ್. ಮತ್ತೆ ಶುರುವಾಯಿತು. ಹೊಟ್ಟೆ ಒತ್ತಿ ಹಿಡಿದೆ, ಡಾಕ್ಟರಿಗೆ ಹೇಳಿ ಕಳಿಸಿದೆ. ನಿಂತಿತು. ಬೆಳಗಿನವರೆಗೂ ಕೂತಿದ್ದೆ. ವಾರ ಕಳೆದು ಹನುಮಕ್ಕ ತಾನೇ ನಡೆದು ಹೋಗಿ ಊರಿನ ಬಸ್ಸು ಹತ್ತಿದಳು."

"ಮಗು?"

"ಹೆಣ್ಣು. ಚೆನ್ನಾಗಿದೆ. ಅದಕ್ಕೂ ಈಗ ಮಕ್ಕಳಿವೆ."

ಸಿಸ್ಟರ್ ನನ್ನ ಮುಖವನ್ನೇ ನೋಡುತ್ತಿದ್ದರು. ಹೆಸರು ಹಿಡಿದು ಕರೆಯಲಿಲ್ಲ. ಗುರುತು ಹತ್ತಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಣಿಕಟ್ಟಿನ ಮೇಲಿನ ಹಿಡಿತ ಮಾತ್ರ ಸಡಿಲವಾಯಿತು. "ಒಳ್ಳೆಯ ಹುಡುಗಿ" ಎಂದರು. ಐದು, ಆರನೆಯ ಹಾಸಿಗೆಗಳನ್ನು ಬೇಗ ಬೇಗ ಹೇಳಿ ಮುಗಿಸಿದರು. ತಾವಾಗಿ ಹೋಗಿ ಮಂಚದ ಮೇಲೆ ಕೂತರು, ಚಪ್ಪಲಿ ಬಿಟ್ಟರು, ಗೋಡೆಯ ಕಡೆ ಮಗ್ಗುಲಾದರು. ನಾನು "ಗ್ರಾಸಿಯಾಸ್, ಸಿಸ್ಟರ್" ಎಂದೆ. ಬಾಯಿಪಾಠ ಮಾಡಿದ್ದ ಕೃತಜ್ಞತೆಯೆಲ್ಲ ಆ ಒಂದು ಪದದಲ್ಲಿ ಮುಗಿಯಿತು. "ಹೋಗು, ರೋಗಿಗಳು ಕಾಯುತ್ತಿದ್ದಾರೆ" ಎಂದರು. ಸ್ವಲ್ಪ ಹೊತ್ತಿಗೆ ಉಸಿರು ನಿಧಾನವಾಯಿತು.

ಲೂಸಿಯಾ ಕೈಯಲ್ಲಿದ್ದ ಮಾತ್ರೆಯನ್ನು ಡಬ್ಬಿಗೆ ವಾಪಸು ಹಾಕಿದಳು.

"ನಾಳೆ ಸಂಜೆ ಮತ್ತೆ ಕೇಳುತ್ತಾರೆ" ಎಂದು ಅವಳು ಹೊರಗೆ ಬಂದು ಪಿಸುಗುಟ್ಟಿದಳು. "ನೀವು ಇರುವುದಿಲ್ಲವಲ್ಲ."

ಅದೂ ಸರಿಯೇ. ಹಾಗಾಗಿ ಅಡುಗೆಮನೆಯಲ್ಲಿ ಅವಳನ್ನು ನಿಲ್ಲಿಸಿಕೊಂಡು, ಆರು ಹಾಸಿಗೆಗಳನ್ನೂ ಒಂದೊಂದಾಗಿ ಹೇಳಿದೆ. ಯಾವುದಕ್ಕೆ ಏನು ಉತ್ತರ ಕೊಡಬೇಕು, ನಾಲ್ಕನೆಯದಕ್ಕೆ ಬಂದಾಗ ಹೇಗೆ ಕೈ ಕೊಟ್ಟು ನಿಲ್ಲಬೇಕು, ಎಲ್ಲ. ಲೂಸಿಯಾ ತಿರುಗಿ ಒಪ್ಪಿಸಿದಳು. ಹನುಮಕ್ಕನ ಹೆಸರಲ್ಲಿ ಮಾತ್ರ ಎಡವಿದಳು.

"ಇನ್ನೊಮ್ಮೆ ಹೇಳವ್ವ. ನಮ್ಮ ಊರಿನಾಕಿ ಆಕಿ, ಹೆಸರು ಕೆಡಿಸಬ್ಯಾಡ" ಎಂದು ಮುಮ್ತಾಜ್ ಅವಳ ಗಲ್ಲ ಹಿಡಿದಳು. ಲೂಸಿಯಾ ನಕ್ಕು ಮತ್ತೆ ಹೇಳಿದಳು, ಮತ್ತೆ ಹೇಳಿದಳು, ಸರಿಯಾಯಿತು. ಆಮೇಲೆ ಮೊದಲಿನಿಂದ ಕೊನೆಯವರೆಗೆ ಆರು ಹಾಸಿಗೆಯನ್ನೂ ತಪ್ಪಿಲ್ಲದೆ ಒಪ್ಪಿಸಿದಳು. ರಾತ್ರಿ ಪಾಳಿಯ ಹೆಂಗಸು ಒಳಗೆ ಬಂದಳು. ಲೂಸಿಯಾ ಅವಳನ್ನು ಕೈ ಹಿಡಿದು ನಿಲ್ಲಿಸಿಕೊಂಡು, ಮೊದಲನೇ ಹಾಸಿಗೆಯಿಂದ ಶುರುಮಾಡಿದಳು. ನಾನು ಸೊಂಟದಿಂದ ಸೆರಗು ಬಿಚ್ಚಿ ಡ್ಯೂಟಿ ಮುಗಿಸಿದೆ.